ಕಳಲೆಯಿಂದ ಹೈಫಾವರೆಗೆ: ಮೈಸೂರು ಕುದುರೆ ಪಡೆಯ ಕಥೆ

ಮೈಸೂರಿಂದ ನಂಜನಗೂಡಿಗೆ ಬರುವಾಗ ಕಪಿಲಾ ಹೊಳೆ ಮೇಲೆ ಒಂದು ಹಳೇ ಕಲ್ಲಿನ ಸೇತುವೆ ನೋಡಿರ್ತೀರಿ. 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ್ದು. ಎಷ್ಟೋ ವರ್ಷ ಅದರ ಮೇಲೆ ರೈಲೂ ಓಡಾಡ್ತಿತ್ತು. ದಳವಾಯಿ ಅಂದ್ರೆ ಸೇನೆಯ ಮುಖ್ಯಸ್ಥ. ಈ ದಳವಾಯಿಗಳ ಊರು ದೂರ ಏನಿಲ್ಲ, ನಂಜನಗೂಡು ತಾಲ್ಲೂಕಿನ ಕಳಲೆ. ಹೆಸರಿಗೆ ಒಡೆಯರು ರಾಜರಾಗಿದ್ದ ಕಾಲದಲ್ಲೂ ಕುದುರೆ, ಕಾಲಾಳು, ಖಜಾನೆ ಎಲ್ಲ ಕಳಲೆಯವರ ಕೈಲಿತ್ತು.

1749ರಲ್ಲಿ ದೇವನಹಳ್ಳಿ ಮುತ್ತಿಗೆ ನಡೆಯಿತು. ಅಲ್ಲಿ ಚೆನ್ನಾಗಿ ಹೋರಾಡಿದ ಒಬ್ಬ ಸೈನಿಕನಿಗೆ ಕಳಲೆಯ ನಂಜರಾಜಯ್ಯ 50 ಕುದುರೆ, 200 ಕಾಲಾಳುಗಳ ನಾಯಕತ್ವ ಕೊಟ್ಟ. ಆ ಸೈನಿಕ ಹೈದರ್ ಅಲಿ. ಹನ್ನೆರಡು ವರ್ಷ ಕಳೆಯೋದ್ರೊಳಗೆ ನಂಜರಾಜಯ್ಯನ್ನೇ ಮೂಲೆಗೆ ಕೂರಿಸಿ ಇಡೀ ರಾಜ್ಯ ಹಿಡಿದುಬಿಟ್ಟ!

1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರಿಗೆ ಉಳಿದದ್ದು ಸಿಲ್ಲೇದಾರ್ ಕುದುರೆ ಪಡೆ. ಸಿಲ್ಲೇದಾರ್ ಅಂದ್ರೆ ಕುದುರೆ, ಆಯುಧ ಎರಡೂ ಸವಾರನದೇ, ಸರ್ಕಾರ ತಿಂಗಳ ಸಂಬಳ ಕೊಡುತ್ತೆ ಅಷ್ಟೆ. ಈಗಿನ ಡೆಲಿವರಿ ಹುಡುಗರು ಸ್ವಂತ ಬೈಕ್ ತರೋ ಹಾಗೆ ಅಂದ್ಕೊಳ್ಳಿ. ಆದ್ರೆ ಆ ಪಡೆ ಯಾರ ಯುದ್ಧಕ್ಕೆ ಹೋಗಬೇಕು ಅಂತ ತೀರ್ಮಾನಿಸ್ತಿದ್ದವರು ಇಂಗ್ಲಿಷರು. ಮರಾಠರ ಮೇಲೆ, ಪಿಂಡಾರಿಗಳ ಮೇಲೆ ಹೋಗಿ ಕಾದಾಡಿ ಬಂತು. 1892ರಲ್ಲಿ ಅದರಿಂದಲೇ ಆಯ್ದು ಹೊಸದಾಗಿ ಕಟ್ಟಿದ ರೆಜಿಮೆಂಟ್ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್. ಅದರ ಖರ್ಚು ಪೂರ್ತಿ ಮೈಸೂರು ಸಂಸ್ಥಾನದ್ದು.

1914ರಲ್ಲಿ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು. ಲ್ಯಾನ್ಸರ್ಸನ್ನೂ ಕಳಿಸಿದರು. ಆ 50 ಲಕ್ಷ ಆಕಾಶದಿಂದ ಉದುರಿದ್ದಲ್ಲ. ನಂಜನಗೂಡು, ತಿ. ನರಸೀಪುರದ ರೈತ ಕಟ್ಟಿದ ಕಂದಾಯವೂ ಅದರಲ್ಲಿತ್ತು. ಕುದುರೆ ಏರದವನೂ ಯುದ್ಧಕ್ಕೆ ಪಾಲು ಕೊಟ್ಟಿದ್ದ, ಅವನನ್ನ ಯಾರೂ ಕೇಳಿರಲಿಲ್ಲ ಅಷ್ಟೇ.

ಬಿ. ಚಾಮರಾಜ ಅರಸು ಅವರ ನೇತೃತ್ವದಲ್ಲಿ ರೆಜಿಮೆಂಟ್ ಈಜಿಪ್ಟಿಗೆ ಹೋಯಿತು. ಅರಸು ಮನೆತನದವರು, ಮರಾಠರು, ಮುಸ್ಲಿಮರು ಎಲ್ಲ ಒಂದೇ ಸಾಲಲ್ಲಿ. ಜೋಧಪುರ, ಹೈದರಾಬಾದ್ ಸವಾರರ ಜೊತೆ ಸೇರಿಸಿ ಒಂದು ಬ್ರಿಗೇಡ್ ಆಯಿತು. ಮುಂದೆ ಅದಕ್ಕೆ 15ನೇ ಅನ್ನೋ ನಂಬರ್ ಬಂತು. ಸೂಯೆಜ್ ಕಾಲುವೆ ಕಾಯುತ್ತಾ ವರ್ಷಗಟ್ಟಲೆ ಮರಳಲ್ಲೇ ಕಳೆದರು.

ಈಗ 1918ರ ಸೆಪ್ಟೆಂಬರ್ 23. ಹೈಫಾ ಬಂದರು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ತುರ್ಕಿ ಫಿರಂಗಿ, ಎದುರಿಗೆ ಮಷಿನ್ ಗನ್. ಹೊಳೆ ದಾಟೋಣ ಅಂದ್ರೆ ದಂಡೇಲಿ ಹುದುಲು ಮರಳು, ಮುಂದೆ ಹೋದ ಕುದುರೆಗಳು ಹೂತುಹೋದವು. ತಲಕಾಡಲ್ಲಿ ಮರಳು ತುಳಿದವರಿಗೆ ಕಾಲು ಕಿತ್ತಿಡೋದು ಎಷ್ಟು ಕಷ್ಟ ಅಂತ ಗೊತ್ತಿರುತ್ತೆ. ಇಲ್ಲಿ ಮೇಲಿಂದ ಗುಂಡೂ ಬೀಳ್ತಿತ್ತು.

ಬೆಟ್ಟದ ಫಿರಂಗಿ ಬಾಯಿ ಮುಚ್ಚಿಸೋ ಕೆಲಸ ಮೈಸೂರಿನ ಒಂದು ಸ್ಕ್ವಾಡ್ರನ್‌ಗೆ ಬಿತ್ತು. ಕಡಿದಾದ ದಾರಿ. ಅಲ್ಲಲ್ಲಿ ಜನ ಬಿಟ್ಟು ಹೋಗಬೇಕಾಯಿತು. ಕೊನೆಗೆ ಕುದುರೆ ಮೇಲೆ ನುಗ್ಗೋಕೆ ಉಳಿದವರು ಸುಮಾರು ಹದಿನೈದು ಜನ. ಅವರೇ ನುಗ್ಗಿ ಫಿರಂಗಿ ಹಿಡಿದರು. ಅತ್ತ ಕೆಳಗೆ ಜೋಧಪುರದವರು ಮಧ್ಯಾಹ್ನ ಎರಡು ಗಂಟೆಗೆ ನುಗ್ಗಿದರು. ಅವರ ಮೇಜರ್ ದಲಪತ್ ಸಿಂಗ್ ಸತ್ತರು. ಮೈಸೂರಿನ ಉಳಿದ ಸವಾರರು ಅವರ ಹಿಂದೆಯೇ ಊರೊಳಗೆ ಹೊಕ್ಕರು. ಸಂಜೆ ಹೊತ್ತಿಗೆ 1,350 ಕೈದಿಗಳು, 17 ಫಿರಂಗಿ ಸಿಕ್ಕಿದ್ದವು. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳು ಮಾತ್ರ 60 ಸತ್ತವು.

ಇಲ್ಲಿಗೆ ನಿಲ್ಲಿಸಿಬಿಟ್ರೆ ಸಿನಿಮಾ ಥರ ಚೆನ್ನಾಗಿರುತ್ತೆ. ಹೈಫಾ ಬಗ್ಗೆ ಬರೋ ವಿಡಿಯೋಗಳು ನಿಲ್ಲಿಸೋದೂ ಇಲ್ಲೇ. ಆದ್ರೆ ಅಕ್ಟೋಬರ್ 26ಕ್ಕೆ ಅಲೆಪ್ಪೊ ಹತ್ತಿರ ಹರಿತಾನ್‌ನಲ್ಲಿ ಇದೇ ಮೈಸೂರು, ಜೋಧಪುರದವರು ಮತ್ತೆ ನುಗ್ಗಿದರು. ಎದುರಿಗಿದ್ದವರು ಲೆಕ್ಕಕ್ಕಿಂತ ತುಂಬಾ ಹೆಚ್ಚು. ದಾಳಿ ಫಲಿಸಲಿಲ್ಲ, ಹೈಫಾಗಿಂತ ಹೆಚ್ಚು ಜನ ಅಲ್ಲಿ ಸತ್ತರು. ನಾಲ್ಕೇ ದಿನಕ್ಕೆ, 30ನೇ ತಾರೀಖು, ತುರ್ಕಿ ಜೊತೆ ಕದನವಿರಾಮಕ್ಕೆ ಸಹಿ ಬಿತ್ತು. ನನಗೆ ಹೈಫಾಗಿಂತ ಜಾಸ್ತಿ ಕಾಡೋದು ಈ ನಾಲ್ಕು ದಿನ.

ಇಟಲಿ ಸೈನ್ಯದಲ್ಲಿ ಪೊಟ್ಸುವೊಲೊ ದೆಲ್ ಫ್ರಿಯುಲಿ ಅನ್ನೋ ಅಶ್ವದಳ ಬ್ರಿಗೇಡ್ ಇದೆ. ಅದೊಂದು ಹಳ್ಳಿ ಹೆಸರು. 1917ರ ಅಕ್ಟೋಬರ್ 30ರಂದು ಹಿಮ್ಮೆಟ್ಟುತ್ತಿದ್ದ ತಮ್ಮ ಸೈನ್ಯಕ್ಕೆ ಸಮಯ ಸಿಗಲಿ ಅಂತ ಅಲ್ಲಿ ಸವಾರರು ಶತ್ರುವನ್ನ ತಡೆದು ನಿಂತಿದ್ದರು. ಅವರದು ಸೋಲಿನ ದಿನ, ಆದರೆ ಸ್ವಂತ ನೆಲ. ಅದಕ್ಕೇ ಬ್ರಿಗೇಡಿಗೆ ಹಳ್ಳಿ ಹೆಸರೇ ನಿಂತಿತು. ನಮ್ಮವರದು ಗೆಲುವಿನ ದಿನ, ಯಾರದೋ ನೆಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ದೆಹಲಿ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 2018ರಿಂದ ಆ ವೃತ್ತದ ಹೆಸರು ತೀನ್ ಮೂರ್ತಿ ಹೈಫಾ ಚೌಕ.

ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆ ಪಡೆಗಳನ್ನ ಸೇರಿಸಿ 61ನೇ ಕ್ಯಾವಲ್ರಿ ಮಾಡಿದರು. ಮೈಸೂರು ಲ್ಯಾನ್ಸರ್ಸ್ ಅದರಲ್ಲಿ ಕರಗಿತು. ಜನವರಿ 26ರ ಪರೇಡಲ್ಲಿ ಕುದುರೆ ಮೇಲೆ ಬರ್ತಾರಲ್ಲ, ಅವರೇ. ಪ್ರತಿ ಸೆಪ್ಟೆಂಬರ್ 23ಕ್ಕೆ ಅವರು ಈಗಲೂ ಹೈಫಾ ದಿನ ಆಚರಿಸ್ತಾರೆ.