ಮಲೆನಾಡಿನ ಮನೆಗೋವಿ: ಕೇಪಿನಿಂದ ತೋಟಾವರೆಗೆ

ಜಿಂಕೆ, ಕಡವೆ ಹೊಡೆಯಲು ಕಡಿಮೆ ಬೆಲೆಯ ಹಳೆ ರೈಫಲ್ ಯಾವುದು ಎಂದು ಯಾರಾದರೂ ಕೇಳಿದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಕೊಡಬಹುದಾದ ಉತ್ತರ ಒಂದೇ: ಆ ಬೇಟೆಯೇ ಅಪರಾಧ. ಆದರೆ ಗದ್ದೆ, ತೋಟ ಕಾಯಲು ಎಂಥ ಕೋವಿ ಇಟ್ಟುಕೊಳ್ಳಬಹುದು, ಅಜ್ಜನ ಕಾಲದ್ದನ್ನು ಏನು ಮಾಡಬೇಕು ಎಂಬ ಪ್ರಶ್ನೆ ಇಲ್ಲಿನ ರೈತರಿಗೆ ಇವತ್ತಿಗೂ ಇದೆ. ಅದಕ್ಕೆ ಉತ್ತರ ಸಿಗುವುದು ಕೋವಿ ನಡೆದು ಬಂದ ದಾರಿಯಲ್ಲಿ.

ಮದ್ದುಗುಂಡು ಈ ಸೀಮೆಗೆ ಹಳೆಯ ಪರಿಚಯ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಹೈದರಾಲಿ 1763ರಲ್ಲಿ ಗೆದ್ದ. ಅದೇ ಬಿದನೂರಿನಲ್ಲಿ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ, 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಹೊರಬಂದವು. ಅರಸರ ಕಾಲದಲ್ಲಿ ಮದ್ದು ಬಹುಮಟ್ಟಿಗೆ ಕೋಟೆಯ ಸೊತ್ತು. ರೈತನ ಮನೆಯಲ್ಲಿ ನೆಲೆಯಾದದ್ದು ಆಮೇಲಿನ ಕೇಪಿನ ಕೋವಿ.

ಕೇಪಿನ ಕೋವಿಗೆ ಈಡು ತುಂಬುವುದು ತಾಳ್ಮೆಯ ಕೆಲಸ. ನಳಿಗೆಯ ಬಾಯಿಂದ ಕರಿಮದ್ದು ಸುರಿಯಬೇಕು, ನಾರು ತುರುಕಿ ಗಜದಿಂದ ಜಡಿಯಬೇಕು, ಮೇಲೆ ಚರೆ ಹಾಕಿ ಮತ್ತೆ ನಾರು ಜಡಿಯಬೇಕು. ಕೊನೆಗೆ ಹಿಂಬದಿಯಲ್ಲಿ ಕೇಪು ಕೂರಿಸಬೇಕು. ಕುದುರೆ ಬಡಿದಾಗ ಕೇಪಿನ ಕಿಡಿ ಒಳಗಿನ ಮದ್ದಿಗೆ ತಗಲುತ್ತದೆ. ಮಳೆಗಾಲದ ತಂಡಿಗೆ ಮದ್ದು ಪಸೆಯಾದರೆ ಈಡು ಹಾರುವುದಿಲ್ಲ. ಮದ್ದು ಅಳತೆ ಮೀರಿದರೆ ನಳಿಗೆಯೇ ಒಡೆದು ಹಿಡಿದವನ ಕೈ ಹೋಗಬಹುದು. ಹಿಂದಿನಿಂದ ತುಂಬುವ ತೋಟಾ ಕೋವಿ, ಒಂಟಿ ನಳಿಗೆಯದೋ ಜೋಡು ನಳಿಗೆಯದೋ, ಬಂದಾಗ ಮದ್ದು, ಚರೆ, ಕೇಪು ಮೂರೂ ಒಂದೇ ತೋಟಾದೊಳಗೆ ಸೇರಿದವು.

ಆಗ ಬೇಟೆ ಊರೆಲ್ಲ ಸೇರಿ ಮಾಡುವ ಕೆಲಸ. ಕೆಲವರು ಹಳು ನುಗ್ಗಿ ಪ್ರಾಣಿ ಎಬ್ಬಿಸುವರು, ಕೋವಿಯವರು ಬಿಲ್ಲಿಗೆ, ಅಂದರೆ ಪ್ರಾಣಿ ಹಾಯುವ ಜಾಗದಲ್ಲಿ ಕಾದು, ನಿಲ್ಲುವರು, ಮಾಂಸ ಪಾಲಾಗುವುದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲಿ ಆ ಲೋಕ ದಾಖಲಾಗಿದೆ. ಇಪ್ಪತ್ತನೇ ಶತಮಾನದ ನಡುವೆ ಯುರೋಪು, ಅಮೆರಿಕಗಳಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಹಳೆ ರೈಫಲ್‌ಗಳು ಅಗ್ಗವಾಗಿ ಮಾರುಕಟ್ಟೆಗೆ ಬಂದು, ಜಿಂಕೆ ಬೇಟೆಯವರ ಕೈ ಸೇರಿದವು. ಭಾರತ ಆ ಬಾಗಿಲು ತೆರೆಯಲಿಲ್ಲ. ಸೈನ್ಯದ .303 ನಾಗರಿಕರಿಗೆ ನಿಷಿದ್ಧ ಅಳತೆ. ಸೈನ್ಯ ಬಿಟ್ಟ .303 ರೈಫಲ್‌ಗಳು ಪೊಲೀಸರ ಕೈಯಲ್ಲಿ ಉಳಿದವು. ನಾಗರಿಕರಿಗೆಂದು ಇಷಾಪುರದ ಸರ್ಕಾರಿ ಕಾರ್ಖಾನೆ .315 ಅಳತೆಯ ರೈಫಲ್ ಮಾಡಿತು.

1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆಂದು ಹೇಳಿದ್ದು ಬಾಯಿಂದ ಈಡು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಒಳಮೈ ನುಣುಪಾದ ಬೇರೆ ಕೋವಿಗೂ ಪರವಾನಗಿ ಕೊಡಬಹುದು. ಇದರಲ್ಲಿ ವಿವೇಕವಿದೆ. ಚರೆ ಹಾರಿ ಸ್ವಲ್ಪ ದೂರದಲ್ಲೇ ಬಲ ಕಳೆದುಕೊಳ್ಳುತ್ತದೆ, ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ತೋಟದಾಚೆಗೇ ಇನ್ನೊಬ್ಬರ ಅಂಗಳವಿರುವ ನಮ್ಮೂರುಗಳಲ್ಲಿ ಆ ವ್ಯತ್ಯಾಸ ಜೀವದ ಪ್ರಶ್ನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ದಾರಿ ಇಟ್ಟಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಶರಾವತಿ ಕಣಿವೆ, ಶೆಟ್ಟಿಹಳ್ಳಿ, ಮೂಕಾಂಬಿಕಾ, ಸೋಮೇಶ್ವರ ಅಭಯಾರಣ್ಯಗಳು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳಗೋ ಅಂಚಿಗೋ ಇವೆ. ಅಭಯಾರಣ್ಯದ 10 ಕಿಲೋಮೀಟರ್ ಸುತ್ತಲಲ್ಲಿ ಹೊಸ ಕೋವಿ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಅಭಯಾರಣ್ಯದೊಳಗೆ ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು. ತೋಟಕ್ಕೆ ಬಂದ ಕಡವೆಯನ್ನು ಕೂಡ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಹೊಡೆಯುವಂತಿಲ್ಲ.

ಹಾಗಾಗಿ ಇಲ್ಲಿ ಅಗ್ಗದ ಕೋವಿ ಎಂದರೆ ಬಹುಮಟ್ಟಿಗೆ ಮನೆಯಲ್ಲೇ ಇರುವ ಹಳೆಯದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ 25 ವರ್ಷ ಅವರಲ್ಲಿದ್ದರೆ ವಾರಸುದಾರರ ಹೆಸರಿಗೆ ಪರವಾನಗಿ ಕೇಳಬಹುದು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರಿಗೆ ಎರಡೇ ಕೋವಿ ಎಂದಿತು, ಪರವಾನಗಿಯ ಅವಧಿಯನ್ನು 3 ವರ್ಷದಿಂದ 5ಕ್ಕೆ ಏರಿಸಿತು. ಹಳೆ ಕೋವಿ ಹೆಸರಿಗೆ ಮಾಡಿಸಿಕೊಂಡವರು ತೋಟಾ ಹಾಕುವ ಮೊದಲು ತಿಳಿದ ಕೆಲಸಗಾರರಿಗೆ ತೋರಿಸಲೇಬೇಕು. ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೆ ನಳಿಗೆಗಳು ಕರಿಮದ್ದಿನ ಕಾಲದವು, ಇಂದಿನ ತೋಟಾದ ಒತ್ತಡಕ್ಕಾಗಿ ಮಾಡಿದವಲ್ಲ. ಹಳೆಯ 12 ಬೋರ್ ಕೋವಿಗಳಲ್ಲಿ ಹಲವಕ್ಕೆ ಎರಡೂವರೆ ಇಂಚಿನ ತೋಟಾ ಮನೆಯಿದೆ. ಇಂದಿನ 70 ಮಿಲಿಮೀಟರ್ ತೋಟಾ ಅದರೊಳಗೆ ಕೂತಂತೆ ಕಂಡರೂ, ಹಾರಿಸಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಅಪಾಯಕ್ಕೇರುತ್ತದೆ. ನಳಿಗೆ ಮಡಿಸುವ ಕೀಲು ಸಡಿಲವಾಗಿದ್ದರೆ, ನಳಿಗೆಯಲ್ಲಿ ತಗ್ಗು ಬಿದ್ದಿದ್ದರೆ ಅಂಥ ಕೋವಿ ಬಳಕೆಗಲ್ಲ.

ಚುನಾವಣೆ ಬಂದಾಗ ಠಾಣೆಗೆ ಕೋವಿ ಒಪ್ಪಿಸಬೇಕಾಗಿ ಬರುವುದು, ಅದೇ ಹೊತ್ತಿಗೆ ಹಂದಿ, ಮಂಗ ತೋಟಕ್ಕೆ ನುಗ್ಗುವುದು ಮಲೆನಾಡಿನ ರೈತರ ನ್ಯಾಯವಾದ ದೂರು. ಪರವಾನಗಿಯಿಲ್ಲದ ನಾಡಕೋವಿ, ಉರುಳು, ಸಿಡಿಮದ್ದು ಇದಕ್ಕೆ ಪರಿಹಾರವಲ್ಲ. ಅವು ಪ್ರಾಣಿಯನ್ನೂ ದನವನ್ನೂ ಮನುಷ್ಯನನ್ನೂ ಬೇರ್ಪಡಿಸಿ ನೋಡುವುದಿಲ್ಲ. ಕೋವಿಯ ಕೆಲಸವನ್ನು ಕಾಯ್ದೆ ಹಂತ ಹಂತವಾಗಿ ಕಿರಿದು ಮಾಡಿದೆ, ಮಾಡಿದ್ದು ಸರಿಯೇ. ಕಾಡು ಉಳಿದರೇ ಇಲ್ಲಿನ ತೋಟಗಳಿಗೆ ನೀರು. ಆದರೆ ಕೋವಿ ಬಿಟ್ಟ ಕೆಲಸವನ್ನು ಸರ್ಕಾರ ಹೊರಬೇಕು: ಸೋಲಾರ್ ಬೇಲಿಗೆ ನೆರವು, ಬೆಳೆನಷ್ಟಕ್ಕೆ ತಡವಿಲ್ಲದ ಪರಿಹಾರ, ಅರ್ಜಿಗೆ ಸಮಯಕ್ಕೆ ಉತ್ತರ. ಅಷ್ಟು ಆದರೆ ರೈತ ಕೋವಿಯನ್ನೇ ನಂಬಿ ಕೂರಬೇಕಾಗಿಲ್ಲ.