ಮುತ್ತು ಕಟ್ಟಿಸಿಕೊಂಡವರ ದುಡಿಮೆ

ಭಾರತ ಹುಣ್ಣಿಮೆ ಬಂತೆಂದರೆ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬರುವುದು ಹಳೆಯ ರೂಢಿ. ಹಾಗೆ ಬಂದವರಿಗೆಲ್ಲ ರೇಣುಕೆಯ ಕಥೆ ಗೊತ್ತು. ಮರಳಿನ ಕೊಡ ಮಾಡಿ, ಹಾವನ್ನೇ ಸಿಂಬೆಯಾಗಿಸಿ, ಜಮದಗ್ನಿಯ ಪೂಜೆಗೆ ದಿನವೂ ಹೊಳೆಯ ನೀರು ತರುವುದು ಆಕೆಯ ಕೆಲಸ. ಒಂದು ದಿನ ಮನಸ್ಸು ಕ್ಷಣಕಾಲ ಚಂಚಲವಾಯಿತು, ಕೊಡ ನಿಲ್ಲಲಿಲ್ಲ. ಗಂಡ ಶಪಿಸಿದ, ಮಗ ಪರಶುರಾಮ ತಲೆ ಕಡಿದ. ಹೆಣ್ಣಿನ ಕೈಕೆಲಸ ಕೆಟ್ಟರೆ ಮೊದಲು ಆಕೆಯ ಶೀಲವನ್ನೇ ಶಂಕಿಸುವ ಅಭ್ಯಾಸ ನಮ್ಮಲ್ಲಿ ಈ ಕಥೆಯಷ್ಟೇ ಹಳೆಯದಿರಬೇಕು.

ಈ ದೇವಿಯ ಹೆಸರಿನಲ್ಲಿಯೇ ಎಳೆಯ ಹುಡುಗಿಯರಿಗೆ ಕೆಂಪು, ಬಿಳಿ ಮಣಿಗಳ ಮುತ್ತು ಕಟ್ಟುತ್ತಿದ್ದರು. ಬಹುಪಾಲು ದಲಿತರ ಮನೆಯ ಮಕ್ಕಳು. ಮುತ್ತು ಕಟ್ಟಿದ ಮೇಲೆ ಮದುವೆಯಿಲ್ಲ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಆಕೆಯೇ ಮಗನ ಸ್ಥಾನದಲ್ಲಿ ನಿಂತು ತಂದೆ ತಾಯಿಯನ್ನು ಸಾಕಬೇಕು, ಮನೆ ಹೊಲ ಆಕೆಗೇ ಉಳಿಯುತ್ತಿತ್ತು. ಇದನ್ನು ಬರಿಯ ಮೂಢನಂಬಿಕೆ ಎಂದು ಹೇಳಿ ಮುಗಿಸುವವರು ಬಡವರ ಈ ಲೆಕ್ಕಾಚಾರವನ್ನು ಕಾಣುವುದಿಲ್ಲ. ಮಂಗಳವಾರ, ಶುಕ್ರವಾರ ಪಡ್ಡಲಗಿ ಹಿಡಿದು ಜೋಗ ಬೇಡುವುದು, ಉಳಿದ ದಿನ ಊರವರ ಹೊಲದಲ್ಲಿ ಕೂಲಿ. ಕೂಲಿ ಕೊಡುವವರೂ ಆಕೆಯನ್ನು 'ಇಟ್ಟುಕೊಳ್ಳುವವರೂ' ಊರಿನ ಅದೇ ಮೇಲಿನ ಮನೆತನಗಳವರು. ಹಗಲು ನೀರಿನ ತಂಬಿಗೆ ಮುಟ್ಟಗೊಡದವರಿಗೆ ರಾತ್ರಿ ಮಡಿ ನೆನಪಾಗುತ್ತಿರಲಿಲ್ಲ. ದುಡಿಮೆ ಎಲ್ಲಿ ಮುಗಿಯಿತು, ದೇಹದ ಮೇಲಿನ ಒಡೆತನ ಎಲ್ಲಿ ಶುರುವಾಯಿತು ಎಂದು ಆ ಹೆಣ್ಣು ಹೇಗೆ ವಿಂಗಡಿಸಬೇಕಿತ್ತು?

ಕಾನೂನೂ ಈ ವಿಂಗಡಣೆಯ ಗೋಜಿಗೆ ಹೋಗಲಿಲ್ಲ. 1934ರ ಮುಂಬಯಿ ಕಾಯ್ದೆ ದೇವರಿಗೆ ಬಿಡುವುದನ್ನು ಅಪರಾಧವೆಂದಿತು, ದೇವದಾಸಿಯ ಮದುವೆ ಸಿಂಧುವೆಂದಿತು. ಬ್ರಿಟಿಷರ ಆಳ್ವಿಕೆಯ ಸವದತ್ತಿಗೆ ಅದು ಅನ್ವಯವಾಯಿತು. ಪಕ್ಕದ ರಾಮದುರ್ಗ 1948ರವರೆಗೆ ಬೇರೆ ಸಂಸ್ಥಾನ, ಮುಂಬಯಿಯ ಕಾಯ್ದೆ ಅದರ ಗಡಿ ದಾಟುವಂತಿರಲಿಲ್ಲ. ಮುಂದೆ ಕರ್ನಾಟಕ ತಂದ 1982ರ ಕಾಯ್ದೆ 1984ರಲ್ಲಿ ಜಾರಿಗೆ ಬಂತು. ಮುತ್ತು ಕಟ್ಟಿದವರಿಗೆ 3 ವರ್ಷದವರೆಗೆ ಸಜೆ. ಕಟ್ಟಿಸಿದ್ದು ಹೆತ್ತವರು ಅಥವಾ ಬಂಧುಗಳಾದರೆ 2ರಿಂದ 5 ವರ್ಷ. ಅಂದರೆ ಬಡ ತಾಯಿಗೆ ಪೂಜಾರಿಗಿಂತ ಹೆಚ್ಚು! ಮುತ್ತು ಕಟ್ಟಿದ ಮೇಲೆ ಆ ಹುಡುಗಿಯ ಬಳಿಗೆ ಬಂದ ಗಂಡಸಿನ ವಿಷಯದಲ್ಲಿ ಆ ಕಲಮು ಪ್ರತ್ಯೇಕವಾಗಿ ಏನನ್ನೂ ಹೇಳಲಿಲ್ಲ.

ಸರ್ಕಾರದ 1993-94ರ ಸಮೀಕ್ಷೆ 22,873 ಮಂದಿಯನ್ನು ಗುರುತಿಸಿತು. 2007-08ರಲ್ಲಿ ಇನ್ನೂ 23,787 ಹೆಸರು ಸೇರಿದವು. ಈ ನಡುವೆ, 1997ರಲ್ಲಿ, ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಸೇರಿ 'ಮಾಸ್' ಎಂಬ ಸಂಸ್ಥೆ ಕಟ್ಟಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಉಪದೇಶ ಮಾಡಲು ಹೊರಗಿನಿಂದ ಬಂದವರ ಮಾತಿಗಿಂತ ಇಂಥವರ ಮಾತು ಕೇರಿಗಳಲ್ಲಿ ಹೆಚ್ಚು ನಾಟಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೂ ಮಕ್ಕಳ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿಯೇ ಉಳಿಯುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಆ ಹೆಸರನ್ನು ಯಾರೂ ಬರೆಯುವಂತಿರಲಿಲ್ಲ. ಆ ತಂದೆಯನ್ನು ಗುರುತಿಸಿ ಅವನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ಮಕ್ಕಳಿಗೆ ಕೊಡುವ ಮಸೂದೆಯನ್ನು ರಾಜ್ಯದ ಶಾಸಕಾಂಗ ಅಂಗೀಕರಿಸಿದ್ದು 2025ರಲ್ಲಿ.