ಪುಲಿಗೆರೆಯ ಶಾಸನವೂ ಕಣಗಿನಹಾಳದ ಲೆಕ್ಕವೂ



ಏಪ್ರಿಲ್ ತಿಂಗಳು ಬಂದಿತೆಂದರೆ ಗದಗ-ಬೆಟಗೇರಿಯ ಮನೆಯೊಡೆಯರಿಗೆ ಮನೆಪಟ್ಟಿಯ ಚಿಂತೆ ಮೊದಲಾಗುತ್ತದೆ. ಹಿಂದೆ ಮೂರು ವರ್ಷಕ್ಕೊಮ್ಮೆ ಏರುತ್ತಿದ್ದ ಆಸ್ತಿ ತೆರಿಗೆಯನ್ನು ವರ್ಷವರ್ಷವೂ ನೂರಕ್ಕೆ 3ರಿಂದ 5ರವರೆಗೆ ಏರಿಸುವ ಕಟ್ಟಳೆ 2021ರ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಬಂದಿದೆ. ಪಟ್ಟಿ ಏರಿತೆಂಬ ಮಾತು ಎಲ್ಲರ ಬಾಯಲ್ಲಿಯೂ ಉಂಟು. ಕೊಟ್ಟ ಹಣ ಎಲ್ಲಿಗೆ ಹೋಯಿತೆಂದು ಕೇಳುವವರು ಮಾತ್ರ ವಿರಳ. ಊರಿನ ಆಯವ್ಯಯ ಪತ್ರವನ್ನು ತೆರೆದು ಓದಿದ ಮನೆಯೊಡೆಯರು ನಮಗೆ ಹೆಚ್ಚು ಮಂದಿ ಕಂಡಿಲ್ಲ. ನಿಜವನ್ನು ಹೇಳುವುದಾದರೆ, ಕಾಲೇಜಿನಲ್ಲಿ ಚರಿತ್ರೆಯನ್ನು ಬೋಧಿಸುವ ನಾವೂ ಬಹುಕಾಲ ಅದನ್ನು ಓದಿದವರಲ್ಲ.

ಆದರೆ ಈ ಎರಡನೆಯ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಗದಗಿನ ದಕ್ಷಿಣಕ್ಕಿರುವ ಲಕ್ಷ್ಮೇಶ್ವರವು ಪೂರ್ವದಲ್ಲಿ ಪೊರಿಗೆರೆ ಅಥವಾ ಪುಲಿಗೆರೆಯೆನಿಸಿತ್ತು. ಕನ್ನಡದ ತಿರುಳಿನ ನಾಡೆಂದು ಕವಿರಾಜಮಾರ್ಗವು ಹೆಸರಿಸುವ ಊರುಗಳಲ್ಲಿ ಇದೂ ಒಂದು. ಅಲ್ಲಿಯ ಒಂದು ಕಂಬದ ಮೇಲೆ ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ ಮಗನಾದ ವಿಕ್ರಮಾದಿತ್ಯನು, ಇನ್ನೂ ಯುವರಾಜನಾಗಿದ್ದಾಗ, ಸುಮಾರು 725ರಲ್ಲಿ ಕೊಟ್ಟ ಆಚಾರವ್ಯವಸ್ಥೆಯು ಕೊರೆಯಲ್ಪಟ್ಟಿದೆ. ಕೊಟ್ಟುದು ಯಾವುದೋ ದೇವಾಲಯಕ್ಕಲ್ಲ, ಯಾವನೋ ವೀರನಿಗೂ ಅಲ್ಲ. ಆ ಊರಿನ ಮಹಾಜನರಿಗೆ, ನಗರದವರಿಗೆ, ಹದಿನೆಂಟು ಪ್ರಕೃತಿಗಳಿಗೆ. ದಾನಶಾಸನಗಳನ್ನೇ ಓದಿ ದಣಿದ ಕಣ್ಣಿಗೆ ಇದು ಎಂಥ ಅಪೂರ್ವ ವಸ್ತುವೆಂಬುದನ್ನು ಶಾಸನಗಳ ಅಭ್ಯಾಸಿಗಳು ಬಲ್ಲರು.

ಜನರು ಸಲ್ಲಿಸಬೇಕಾದುದು ಅದರಲ್ಲಿ ಸ್ಪಷ್ಟವಾಗಿದೆ. ಒಕ್ಕಲಿರುವ ಮನೆಗಳು ತೆರಬೇಕು; ಕುಟುಂಬಗಳ ಅಂತಸ್ತಿಗೆ ತಕ್ಕಂತೆ ಉತ್ತಮರು 10 ಪಣ, ಮಧ್ಯಮರು 7, ಅವರಿಗಿಂತ ಕೆಳಗಿನವರು 5, ತೀರ ಬಡವರು 3 ಪಣ ಕೊಡತಕ್ಕದ್ದು. ಉಳ್ಳವನಿಗೂ ಇಲ್ಲದವನಿಗೂ ಒಂದೇ ದರವನ್ನು ವಿಧಿಸಲಿಲ್ಲವೆಂಬುದನ್ನು ಗಮನಿಸಬೇಕು. ಆದರೆ ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುವುದು ಅದೇ ಕಂಬದ ಮೇಲಿರುವ ಇನ್ನೊಂದು ಭಾಗ. ಒಕ್ಕಲಿಲ್ಲದ ಮನೆಗಳನ್ನು ರಾಜಪುರುಷರು ಕಾಯಬೇಕು. ಅರಸು ಕೊಟ್ಟ ದತ್ತಿಯನ್ನು, ತಾಮ್ರಪಟಗಳ ಕಟ್ಟಳೆಯನ್ನು, ಜನರು ಅನುಭವಿಸಿಕೊಂಡು ಬಂದ ಆಸ್ತಿಯನ್ನು ಕಾಯಬೇಕು. ಅಂದರೆ ಜನರ ಋಣವೂ ಅಧಿಕಾರಿಗಳ ಋಣವೂ ಒಂದೇ ಕಲ್ಲಿನಲ್ಲಿವೆ. ಬಯಲಿನಲ್ಲಿ ನಿಂತ ಕಲ್ಲಿನ ಮೇಲಣ 3ನ್ನು ಗುಟ್ಟಾಗಿ 4 ಮಾಡುವುದು ಯಾವ ಅಧಿಕಾರಿಗೂ ಸುಲಭವಾಗಿರಲಾರದು.

ಇನ್ನು ಗದಗಿನ ಮಾತು. 1858ರಲ್ಲಿ ಮುಂಡರಗಿಯ ಭೀಮರಾಯನೂ ನರಗುಂದದ ಬಾಬಾಸಾಹೇಬನೂ ಇಂಗ್ಲಿಷರ ಮೇಲೆ ಎದ್ದು ಮಡಿದರು. ಅದರ ಮರುವರ್ಷವೇ, 1859ರಲ್ಲಿ, ಗದಗ-ಬೆಟಗೇರಿಯ ಮುನಸಿಪಾಲಿಟಿ ಸ್ಥಾಪಿತವಾಯಿತು. ಹಿಂದುಸ್ತಾನ ಸರಕಾರದ ಮೊದಲ ಆಯವ್ಯಯ ಪತ್ರ ಮಂಡಿತವಾದುದು 1860ರಲ್ಲಿ. ಆಗ ಜಾರಿಯಲ್ಲಿದ್ದ 1850ರ 26ನೆಯ ಕಾಯಿದೆಯಲ್ಲಿ ಒಂದು ವಿಚಿತ್ರವಿತ್ತು: ಊರವರು ತಾವಾಗಿ ಅಪೇಕ್ಷಿಸಿದಲ್ಲಿ ಮಾತ್ರ ಅದು ಅನ್ವಯವಾಗತಕ್ಕದ್ದು. ತೆರಿಗೆಯನ್ನು ಬೇಡಿ ಪಡೆಯುವ ಜನರು ಎಷ್ಟಿದ್ದಾರು!

ಮುಂಬಯಿ ಇಲಾಖೆಯ ಊರುಗಳು ಇದಕ್ಕೊಂದು ಉಪಾಯವನ್ನು ಕಂಡುಕೊಂಡವು. ಮನೆಪಟ್ಟಿಗಿಂತ ಜಕಾತಿಯನ್ನೇ ಹೆಚ್ಚಾಗಿ ನೆಚ್ಚಿದವು. ನಾಕೆಯಲ್ಲಿ ಗಾಡಿಯನ್ನು ತಡೆದು ವಸೂಲು ಮಾಡಿದ ಹಣ ಬೆಲ್ಲದ ಬೆಲೆಯಲ್ಲಿ, ತುಪ್ಪದ ಬೆಲೆಯಲ್ಲಿ ಕರಗಿಹೋಗುತ್ತಿತ್ತು. ಕೊಟ್ಟುದು ಕಾಣದವನು ಲೆಕ್ಕವನ್ನು ಕೇಳುವುದೆಂತು? ಕರ್ನಾಟಕದಲ್ಲಿ 1979ರಲ್ಲಿ ಜಕಾತಿ ರದ್ದಾಯಿತು. ಆ ಮೇಲೆ ಊರಾಡಳಿತಕ್ಕೆ ಉಳಿದ ಆಧಾರಗಳು ಮುಖ್ಯವಾಗಿ ಎರಡು: ಸರಕಾರದ ಅನುದಾನ, ಮನೆಯೊಡೆಯನ ಕಿಸೆ.

ಪಟ್ಟಣಗಳ ಕಥೆ ಹೀಗಿರಲು, ಹಳ್ಳಿಯ ಕಥೆ ಬೇರೆ. ಹಳ್ಳಿಯಲ್ಲಿ ಆಸ್ತಿಯ ಮೇಲಿನ ತೆರಿಗೆಯೆಂದರೆ ಭೂಕಂದಾಯ. ಮುಂಬಯಿ ಪದ್ಧತಿಯಲ್ಲಿ ಅದನ್ನು 30 ವರ್ಷಗಳಿಗೆ ನಿಗದಿಮಾಡಿ, ಅವಧಿ ತೀರಿದ ಮೇಲೆ ಮತ್ತೆ ಅಳೆದು ತೂಗಿ ಪರಿಷ್ಕರಿಸುತ್ತಿದ್ದರು. ಎರೆಯ ಹೊಲಕ್ಕೆ ಮಳೆ ತಪ್ಪಬಹುದು, ಕಂತು ತಪ್ಪದು. 1876-78ರ ಬರವನ್ನು ಕಂಡ ಈ ಸೀಮೆಯಲ್ಲಿ ರೈತನು ಕಂತಿಗಾಗಿ ಸಾಹುಕಾರನ ಬಾಗಿಲಿಗೆ ಹೋದರೆ, ಮುಂದಿನ ಸುಗ್ಗಿಯ ಹತ್ತಿ ಹೊಲದಲ್ಲಿರುವಾಗಲೇ ಇನ್ನೊಬ್ಬರದಾಗುತ್ತಿತ್ತು.

ಗದಗಿಗೆ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇದಕ್ಕೊಂದು ದಾರಿಯನ್ನು ಹುಡುಕಿದರು. 1904ರ ಸಹಕಾರ ಕಾಯಿದೆಯ ಮೇರೆಗೆ ಅಲ್ಲಿಯ ಸಂಘವು 1905ನೆಯ ಇಸವಿಯ ಮೇ 8ರಂದು ನೋಂದಣಿಯಾಯಿತು. ಹಿಂದುಸ್ತಾನದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಅದಕ್ಕೆ ಪ್ರಸಿದ್ಧಿ. ಆ ಕಾಯಿದೆಯಂತೆ ಗ್ರಾಮಸಂಘದ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬನ ಹೊಲಮನೆಗೂ ಆಪತ್ತು. ಸಂಘದ ಲೆಕ್ಕವನ್ನು ವರ್ಷಕ್ಕೊಮ್ಮೆ ತಪಾಸಣೆಮಾಡಲು ಸರಕಾರದ ರಿಜಿಸ್ಟ್ರಾರರು ಇದ್ದರು, ನಿಜ. ಆದರೆ ಯಾರಿಗೆ ಎಷ್ಟು ಸಾಲ ಕೊಟ್ಟಿತು, ಅವನು ಅದನ್ನು ಬೀಜಕ್ಕೆ ಹಾಕಿದನೋ ಮದುವೆಗೆ ಹಾಕಿದನೋ ಎಂಬುದನ್ನು ಅರಿಯುವ ಅವಶ್ಯಕತೆ ನೆರೆಮನೆಯವನಿಗೇ ಹೆಚ್ಚಾಗಿತ್ತು. ಓದು ಬಾರದವನೂ ಓದುಬಲ್ಲವನಿಂದ ಲೆಕ್ಕವನ್ನು ಓದಿಸಿ ಕೇಳಲೇಬೇಕಾದ ಏರ್ಪಾಡು ಅದು.

ನಗರಸಭೆಯ ಆಯವ್ಯಯ ಪತ್ರಕ್ಕೆ ಅಂಥ ನಿರ್ಬಂಧವಿಲ್ಲ. ಓದದಿದ್ದರೆ ಯಾರ ಮನೆಯೂ ಹರಾಜಾಗದು. ಏಪ್ರಿಲ್ 1ರಿಂದ ಮೊದಲಾಗುವ ವರ್ಷದ ಪತ್ರವನ್ನು ತರಿಸಿಕೊಂಡು, ಮನೆಪಟ್ಟಿಯ ರಸೀದಿಯನ್ನು ಪಕ್ಕದಲ್ಲಿಟ್ಟು ಓದುವುದೆಂದು ಈ ಸಲ ನಾವು ನಿಶ್ಚಯಿಸಿದ್ದೇವೆ.